ಅಂಚಿನಲ್ಲಿ ಎಣಿಸಿದ ತಲೆಗಳು

ಆ ಬಸ್ ಮಾರ್ಗದ ಇಪ್ಪತ್ತೆರಡು ನಿಲ್ದಾಣಗಳಲ್ಲಿ ಹನ್ನೊಂದನೆಯದರ ಪಕ್ಕಕ್ಕೆ ಒಂದು ತಗಡಿನ ಗೂಡು ಇದೆ. ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಆನಿಸಿದ ಬೆಂಚು, ಮೇಜಿನಡಿ ಕಬ್ಬಿಣದ ಪೆಟ್ಟಿಗೆ. ಕಿಟಕಿಯ ಹೊರಗೆ, ಚಾಲಕರ ಕಣ್ಣಿಗೆ ಬೀಳುವಂತೆ, ಮಕ್ಕಳು ಬರೆಯುವಂಥ ಒಂದು ಸ್ಲೇಟು. ಅದರ ಮೇಲೆ ಸೀಮೆಸುಣ್ಣದ ಒಂದೇ ಒಂದು ಅಂಕಿ. ಎರಡು ಎಂದಿದ್ದರೆ ಬಸ್ಸು ಎರಡು ನಿಮಿಷ ನಿಲ್ಲಬೇಕು; ಸೊನ್ನೆ ಎಂದಿದ್ದರೆ ಜನ ಹತ್ತಿಳಿದ ಕೂಡಲೇ ಹೊರಡಬೇಕು.

ಆ ಅಂಕಿಯನ್ನು ಬರೆಯುತ್ತಿದ್ದ ಹೆಂಗಸಿಗೆ ಐವತ್ತೆಂಟು ವರ್ಷ. ಕಚೇರಿಯ ಕಾಗದಗಳಲ್ಲಿ ಅವರ ಹುದ್ದೆಯ ಹೆಸರು ‘ವೇಳೆ ದಾಖಲೆಗಾರರು’. ಪ್ರಯಾಣಿಕರಿಗೆ ಅವರು ಟೈಂಕೀಪರಮ್ಮ. ಚಾಲಕರು ಮಾತ್ರ ‘ಅತ್ತೆ’ ಎನ್ನುತ್ತಿದ್ದರು. ಅವರ ಅಪ್ಪಣೆಯಿಲ್ಲದೆ ಯಾರೂ ಹೊಸಿಲು ದಾಟುವಂತಿರಲಿಲ್ಲವಲ್ಲ.

ನಾನು ಹತ್ತು ವರ್ಷಗಳಿಂದ ಅದೇ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಿದ್ದೇನೆ. ಮೊದಲ ಕೆಲವು ತಿಂಗಳು, ಸರಿಯಾಗಿ ಬಂದ ಬಸ್ಸನ್ನು ಸುಮ್ಮನೆ ನಿಲ್ಲಿಸಿಕೊಳ್ಳುವ ಈ ಸ್ಲೇಟು ಅಧಿಕಾರದ ಒಂದು ಸಣ್ಣ ಚಪಲವೆಂದೇ ತಿಳಿದಿದ್ದೆ. ಆ ಅಭಿಪ್ರಾಯದಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದು ತಿಳಿದದ್ದು ಕಳೆದ ವರ್ಷ, ತಲೆಕಚೇರಿಯಿಂದ ಅವರ ಗೂಡಿಗೆ ಒಂದು ನೋಟೀಸು ಬಂದ ಮೇಲೆ.

ಟೈಂಕೀಪರಮ್ಮ ಮೊದಲು ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವರು. ಮೊಣಕಾಲು ಕೈಕೊಟ್ಟಾಗ ಅವರನ್ನು ಈ ಗೂಡಿನಲ್ಲಿ ಕೂರಿಸಿದರು. ಕೆಲಸ ಇಷ್ಟೇ: ಬಂದ ಬಸ್ಸಿನ ನಂಬರು, ಬಂದ ಹೊತ್ತು, ಹೊರಟ ಹೊತ್ತು ಬರೆಯುವುದು. ಮೊದಲ ವರ್ಷ ಅವರೂ ಅಷ್ಟನ್ನೇ ಮಾಡಿದರು. ಆದರೆ ಬರೆಯುತ್ತ ಬರೆಯುತ್ತ ಒಂದು ವಿಷಯ ಅವರನ್ನು ಕಾಡತೊಡಗಿತು. ಬೆಳಗಿನ ಹೊತ್ತು ಬಸ್ಸುಗಳು ಡಿಪೋ ಬಿಡುವುದು ಎಂಟು ನಿಮಿಷಕ್ಕೊಂದರಂತೆ. ಹನ್ನೊಂದನೆಯ ನಿಲ್ದಾಣಕ್ಕೆ ಬರುವಾಗ ಮಾತ್ರ ಅವು ಜೋಡಿ ಜೋಡಿಯಾಗಿರುತ್ತವೆ. ಏಕೆ? ಚಾಲಕರು ಒಟ್ಟಿಗೆ ಟೀ ಕುಡಿಯುತ್ತಾರೆಂಬುದು ಡಿಪೋದವರ ವಿವರಣೆ. ಅದನ್ನು ಅವರು ನಂಬಲಿಲ್ಲ. ಮೂರು ವಾರ ತಮ್ಮ ರಜೆಯ ದಿನದಲ್ಲಿ ಡಿಪೋದಿಂದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು ನೋಡಿದರು.

ಕಾರಣ ಟೀ ಆಗಿರಲಿಲ್ಲ. ಒಂದು ಬಸ್ಸು ಯಾವುದೋ ನೆಪಕ್ಕೆ ಒಂದು ನಿಮಿಷ ತಡವಾದರೆ, ಮುಂದಿನ ನಿಲ್ದಾಣದಲ್ಲಿ ಅಷ್ಟು ಹೆಚ್ಚು ಜನ ಸೇರಿರುತ್ತಾರೆ. ಅವರನ್ನು ಹತ್ತಿಸಿಕೊಳ್ಳಲು ಇನ್ನಷ್ಟು ತಡ; ಅದರ ಮುಂದಿನ ನಿಲ್ದಾಣದಲ್ಲಿ ಜನ ಮತ್ತೂ ಹೆಚ್ಚು. ಹಿಂದಿನ ಬಸ್ಸಿಗೆ ಜನವೇ ಸಿಗದೆ ಅದು ಹಗುರಾಗಿ ಓಡಿ ಮುಂದಿನದರ ಬಾಲ ಹಿಡಿಯುತ್ತದೆ. ಇದನ್ನು ಅವರು ಗಂಡನಿಗೆ ವಿವರಿಸಿದ ಮಾತು ನನ್ನ ಓದಿನಲ್ಲಿ ಕಂಡ ಯಾವ ವಿವರಣೆಗಿಂತಲೂ ಚೊಕ್ಕಟವಾಗಿತ್ತು: “ಮುಂದಿನದು ಗುಡಿಸಿ ತುಂಬ್ಕೊಂಡು ಹೋಗುತ್ತೆ. ಹಿಂದಿನದು ಗುಡಿಸಿದ ನೆಲದಲ್ಲಿ ಜಾರ್ಕೊಂಡು ಬರುತ್ತೆ.”

ಆ ವಾರವೇ ಸ್ಲೇಟು ಬಂತು. ಹಿಂದಿನ ಬಸ್ಸನ್ನು ಎರಡೋ ಮೂರೋ ನಿಮಿಷ ತಡೆದರೆ ಅಂತರ ಮತ್ತೆ ಸಮವಾಗುತ್ತದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎಷ್ಟು ತಡೆಯಬೇಕೆಂದು ತಿಳಿಯಲು ಅವರು ಗಡಿಯಾರಕ್ಕಿಂತ ಹೆಚ್ಚಾಗಿ ನೋಡುತ್ತಿದ್ದುದು ನಿಲ್ದಾಣದಲ್ಲಿ ನಿಂತ ಜನರನ್ನು. ಐದು ತಲೆಗೆ ಒಂದು ಚುಕ್ಕೆ. ಕಚೇರಿಯ ಪುಸ್ತಕದಲ್ಲಿ ಜನರಿಗೆಂದು ಕಾಲಂ ಇರಲಿಲ್ಲವಾದ್ದರಿಂದ ಆ ಚುಕ್ಕೆಗಳನ್ನು ಪುಟದ ಅಂಚಿನಲ್ಲಿ ಇಡುತ್ತಿದ್ದರು. ತುಂಬಿದ ಪುಸ್ತಕಗಳು ಕಬ್ಬಿಣದ ಪೆಟ್ಟಿಗೆ ಸೇರುತ್ತಿದ್ದವು. ಹೀಗೆ ಹದಿನೆಂಟು ವರ್ಷ.

ನೋಟೀಸಿನ ಭಾಷೆ ಅಂಥ ಕಾಗದಗಳ ಭಾಷೆಯೇ. ಎಲ್ಲ ಪುಸ್ತಕಗಳನ್ನೂ ತರಿಸಿಕೊಂಡು ಸ್ಕ್ಯಾನ್ ಮಾಡಿ ಪರಿಶೀಲಿಸಲಾಗಿ, ಈ ಮಾರ್ಗದಲ್ಲಿ ದಿನಕ್ಕೆ ಸರಾಸರಿ ನೂರ ನಲವತ್ತು ನಿಮಿಷಗಳ ವಿಳಂಬವು ಹನ್ನೊಂದನೆಯ ನಿಲ್ದಾಣ ಒಂದರಲ್ಲೇ ಉಂಟಾಗುತ್ತಿರುವುದು ಕಂಡುಬಂದಿದೆ. ಹದಿನೈದು ದಿನ ಯಾವ ಬಸ್ಸನ್ನೂ ತಡೆಯದೆ ಕೇವಲ ದಾಖಲಿಸತಕ್ಕದ್ದು. ಅದರಿಂದ ಸೇವೆಗೆ ಬಾಧಕವಾಗದಿದ್ದರೆ ಹುದ್ದೆಯನ್ನು ರದ್ದುಪಡಿಸಿ, ಸಿಬ್ಬಂದಿಯನ್ನು ಡಿಪೋದ ಬಿಡಿಭಾಗಗಳ ಉಗ್ರಾಣಕ್ಕೆ ವರ್ಗಾಯಿಸಲಾಗುವುದು.

ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಉಗ್ರಾಣದಲ್ಲಿ ದಿನವಿಡೀ ಏಣಿ ಹತ್ತಿಳಿಯುವ ಕೆಲಸ. ಅವರ ಮೊಣಕಾಲಿಗೆ ಅದು ಆಗುವಂಥದ್ದಲ್ಲ. ಆದರೆ ಸಂಜೆ ಮನೆಗೆ ಹೋದಾಗ ಅವರ ಬಾಯಿಂದ ಮೊದಲು ಬಂದದ್ದು ಏಣಿಯ ಮಾತಲ್ಲ. ಅವರ ಯಜಮಾನರು ತಕ್ಕಡಿ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ.

“ಏನಂತೆ ಕಾಗದ?”

“ದಿನಕ್ಕೆ ನೂರ ನಲವತ್ತು ನಿಮಿಷ ನಾನು ಜನರ ಹೊತ್ತು ಹಾಳು ಮಾಡ್ತಿದೀನಂತೆ.”

“ಬರೀ ಬಸ್ ಸ್ಟಾಪಲ್ಲಾ? ನೀನು ಸ್ನಾನಕ್ಕೆ ಮೊದಲು ಹೋದ ದಿನ ಮನೇಲಾಗೋದನ್ನ ಸೇರಿಸಿಲ್ವಾ?”

“ತಮಾಷೆ ಬೇಡ. ಅವರು ಹೇಳೋದು ನಿಜ ಇದ್ರೂ ಇರಬಹುದು, ಅಲ್ವಾ?”

ಯಜಮಾನರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹದಿನೆಂಟು ವರ್ಷ ಆದ್ಮೇಲೆ ಈ ಪ್ರಶ್ನೆನಾ?”

“ಇಷ್ಟು ದಿನ ಯಾರು ಕೇಳಿದ್ರು?”

“ನೋಡು, ಒಂದೊಂದು ಅಂಗಡೀಲಿ ತಕ್ಕಡಿ ಇಪ್ಪತ್ತು ವರ್ಷ ತಪ್ಪು ತೂಗಿರುತ್ತೆ. ಸರಿ ಮಾಡಿ ಕೊಟ್ರೆ ಅಂಗಡಿಯವರು ನನ್ನ ಮೇಲೇ ಹಾರಾಡ್ತಾರೆ, ಚೆನ್ನಾಗಿದ್ದ ತಕ್ಕಡಿ ಕೆಡಿಸಿಬಿಟ್ಟೆ ಅಂತ. ನೀನು ಹಾಗೆ ಹಾರಾಡ್ಬೇಡ. ಅಷ್ಟೇ ನಾನು ಹೇಳೋದು.”

ಮರುದಿನ ಸ್ಲೇಟು ಗೋಡೆಯ ಕಡೆ ಮುಖ ಮಾಡಿತು. ಆ ಹದಿನೈದು ದಿನ ಏನಾಯಿತೆಂಬುದಕ್ಕೆ ನಾನೂ ಸಾಕ್ಷಿ. ಮೂರನೆಯ ದಿನ ಒಂಬತ್ತೂವರೆಗೆ ಹದಿನಾಲ್ಕು ನಿಮಿಷ ಬಸ್ಸಿರಲಿಲ್ಲ. ಬಂದದ್ದು ಬಾಗಿಲಲ್ಲೇ ಜನ ಜೋತುಬಿದ್ದ ಬಸ್ಸು. ಅದಾದ ಎರಡೇ ನಿಮಿಷಕ್ಕೆ ಇನ್ನೊಂದು, ಅರ್ಧ ಖಾಲಿ. ಅದನ್ನು ಓಡಿಸುತ್ತಿದ್ದವರು ಆ ಮಾರ್ಗದ ಅತಿ ಹಿರಿಯ ಚಾಲಕರು. ವೇಗದ ದೆಸೆಯಿಂದ ಅವರಿಗೆ ಗಾಳಿಯಣ್ಣ ಎಂದು ಹೆಸರು.

“ಏನತ್ತೆ, ಸ್ಲೇಟು ಮುನಿಸಿಕೊಂಡಿದೆ?” ಎಂದು ಅವರು ಕಿಟಕಿಯಿಂದ ಕೂಗಿದರು.

“ನಿಮ್ಮ ಮೇಲಲ್ಲಪ್ಪ, ಮೇಲಿನವರ ಮೇಲೆ. ಹೊರಡಿ, ಹೊರಡಿ.”

“ಅಯ್ಯೋ, ಹೊರಟು ಎಲ್ಲಿಗೆ ಹೋಗ್ಲಿ? ಮುಂದಿರೋನ ಬೆನ್ನು ನೋಡ್ಕೊಂಡೇ ಕೊನೇವರೆಗೂ ಹೋಗ್ಬೇಕು. ಹಿಂದೆ ಬೈತಿದ್ದೆ ನಿಮ್ಮನ್ನ, ಈಗ ಬೈಯೋಕೂ ಯಾರೂ ಇಲ್ಲ.”

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹೇಳಲೇಬೇಕು. ಎರಡು ಬಸ್ಸುಗಳು ಎಂಟೆಂಟು ನಿಮಿಷಕ್ಕೆ ಬಂದರೂ, ಹದಿನಾಲ್ಕು ಮತ್ತು ಎರಡು ನಿಮಿಷಕ್ಕೆ ಬಂದರೂ, ಅವುಗಳ ನಡುವಿನ ಸರಾಸರಿ ಅಂತರ ಎಂಟೇ. ಬಸ್ಸುಗಳ ಕಡೆಯಿಂದ ನೋಡಿದರೆ ಏನೂ ಕೆಟ್ಟಿಲ್ಲ. ಆದರೆ ಹೆಚ್ಚಿನ ಜನ ನಿಲ್ದಾಣಕ್ಕೆ ಬಂದಿರುವುದು ಆ ಹದಿನಾಲ್ಕು ನಿಮಿಷಗಳೊಳಗೆ. ಎರಡು ನಿಮಿಷದ ಅದೃಷ್ಟ ಸಿಗುವುದು ಒಬ್ಬಿಬ್ಬರಿಗೆ. ಜನರ ಕಡೆಯಿಂದ ಎಣಿಸಿದರೆ ಸರಾಸರಿ ಕಾಯುವಿಕೆ ನಾಲ್ಕು ನಿಮಿಷದಿಂದ ಆರು ದಾಟುತ್ತದೆ. ಬಸ್ಸಿಗೆ ಬಾಯಿಲ್ಲ, ಜನರಿಗೆ ಕಾಲಂ ಇಲ್ಲ. ಆದ್ದರಿಂದ ಈ ವ್ಯತ್ಯಾಸ ಯಾವ ವರದಿಗೂ ಏರುವುದಿಲ್ಲ.

ಆದರೆ ಆ ದಿನಗಳಲ್ಲಿ ಟೈಂಕೀಪರಮ್ಮನವರ ತಲೆ ತಿಂದದ್ದು ಬೆಳಗ್ಗೆಯಲ್ಲ, ಮಧ್ಯಾಹ್ನ. ಹನ್ನೊಂದರಿಂದ ಮೂರರವರೆಗೆ ಬಸ್ಸು ಇಪ್ಪತ್ತು ನಿಮಿಷಕ್ಕೊಂದು. ಆಗಲೂ ಅವರು ಅಂತರ ಸರಿಮಾಡಲು ಮೂರು, ನಾಲ್ಕು ನಿಮಿಷ ತಡೆಯುತ್ತಿದ್ದರು. ಈಗ ತಡೆಯದಿದ್ದರೂ ಏನೂ ಆಗಲಿಲ್ಲ. ಯಾರೂ ಗೊಣಗಲಿಲ್ಲ. ಅವರಿಗೆ ಅದು ಸಮಾಧಾನ ತರಬೇಕಿತ್ತು, ತರಲಿಲ್ಲ. ‘ಮಧ್ಯಾಹ್ನ ತೊಂದರೆ ಕಾಣಲಿಲ್ಲ’ ಎಂದು ತಮ್ಮ ಕೈಯಾರೆ, ತಮ್ಮ ಹುದ್ದೆಗೆ ಕೊಡಲಿಯಾಗಬಹುದಾದ ಸಾಲನ್ನು, ಹದಿನೈದು ದಿನವೂ ಪುಸ್ತಕದಲ್ಲಿ ಬರೆದರು.

ಹದಿನಾರನೆಯ ದಿನ ತಲೆಕಚೇರಿಯಿಂದ ಯೋಜನಾ ವಿಭಾಗದ ಅಧಿಕಾರಿ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೆಂಚಿನ ಮೇಲೆ ಕೂತು ಟ್ಯಾಬ್ ತೆರೆದರು. ಆ ಹೊತ್ತಿನ ಮಾತುಕತೆಯನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಹೆಚ್ಚುಕಡಿಮೆ ಒಂದೇ ಥರ.

“ಫಲಿತಾಂಶ ಚೆನ್ನಾಗಿ ಬಂದಿದೆ ಅಮ್ಮ. ಟ್ರಿಪ್ಪಿಗೆ ಸರಾಸರಿ ಮೂರು ನಿಮಿಷ ಉಳಿದಿದೆ.”

“ಯಾರಿಗೆ?”

“ಅಂದ್ರೆ... ಬಸ್ಸಿಗೆ.”

“ಬಸ್ಸು ಆ ಮೂರು ನಿಮಿಷ ಇಟ್ಕೊಂಡು ಏನು ಮಾಡುತ್ತೆ?”

ಅಧಿಕಾರಿ ನಕ್ಕರು. “ಒಳ್ಳೆ ಪ್ರಶ್ನೆ. ಆದ್ರೆ ನಿಲ್ದಾಣದಲ್ಲಿ ಎಷ್ಟು ಜನ ಕಾದ್ರು ಅನ್ನೋದಕ್ಕೆ ನಮ್ಮ ಹತ್ರ ದಾಖಲೆ ಇಲ್ವಲ್ಲ.”

ಟೈಂಕೀಪರಮ್ಮ ಮೇಜಿನ ಮೇಲಿದ್ದ ಪುಸ್ತಕವನ್ನು ಅವರ ಕಡೆ ತಿರುಗಿಸಿದರು. ಅಧಿಕಾರಿ ಪುಟ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನು, ಅಂಚಿನಲ್ಲೆಲ್ಲ ಮಸಿ ಸಿಡಿದಿದೆ?”

“ಮಸಿ ಅಲ್ಲ ಕಣಮ್ಮ, ಜನ.”

ಐದು ತಲೆಗೆ ಒಂದು ಚುಕ್ಕೆ ಎಂಬುದನ್ನು ಅವರು ವಿವರಿಸಿದರು. ಅಧಿಕಾರಿ ಕೂಡಲೇ ಟ್ಯಾಬಿನಲ್ಲಿ ಅದೇ ಪುಸ್ತಕದ ಹಳೆಯ ಪುಟವೊಂದನ್ನು ತೆರೆದರು. ಅಂಚು ಹಾಲಿನಂತೆ ಬಿಳಿ. ಇನ್ನೊಂದು ಪುಟ, ಅದೂ ಬಿಳಿ. ಅವರು ಹಣೆ ಚಚ್ಚಿಕೊಂಡರು. “ಸ್ಕ್ಯಾನ್ ಮಾಡೋವಾಗ ಕಲೆಗಳನ್ನ ತೆಗೆದುಹಾಕು ಅಂತ ಮಷೀನಿಗೆ ಹೇಳಿದ್ವಿ. ಅದು ತುಂಬ ನಿಯತ್ತಾಗಿ ತೆಗೆದಿದೆ.”

“ಹದಿನೆಂಟು ವರ್ಷದ ಜನಾನ ಗುಡಿಸಿ ಹಾಕಿಬಿಟ್ರಾ!” ಎಂದು ಟೈಂಕೀಪರಮ್ಮ ಹೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ.

ನಕ್ಕದ್ದು ಒಳ್ಳೆಯದೇ ಆಯಿತು. ಅಧಿಕಾರಿ ವರದಿಯನ್ನು ಅಂದೇ ಕಳಿಸಲಿಲ್ಲ. ಒಂದು ವಾರ ಮೊದಲಿನಂತೆ ಬಸ್ಸು ತಡೆಯಿರಿ, ನಾನೂ ಬಂದು ಕೂರುತ್ತೇನೆ ಎಂದರು. ಸ್ಲೇಟು ಮತ್ತೆ ರಸ್ತೆಗೆ ಮುಖ ತಿರುಗಿಸಿತು. ಬೆಂಚಿನ ಮೇಲೆ ಟ್ಯಾಬು, ಮೇಜಿನ ಮೇಲೆ ಪುಸ್ತಕ. ಮೂರು ದಿನದ ಬೆಳಗ್ಗೆ ಸಂಜೆಗಳಲ್ಲಿ ಚುಕ್ಕೆಗಳ ಲೆಕ್ಕ ಸ್ಲೇಟಿನ ಪರವಾಗಿಯೇ ಬಂತು. ಅಧಿಕಾರಿಯ ಮುಖದಲ್ಲಿ ಹೊಸದೇನೋ ಕಂಡುಕೊಂಡವರ ಕಳೆ ಇತ್ತು. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಅನುಭವಿಯೊಬ್ಬರು ಯಂತ್ರವನ್ನು ಸೋಲಿಸಿದ ಕಥೆಯಾಗುತ್ತಿತ್ತು. ನಾನು ಅದನ್ನು ಅಷ್ಟಾಗಿ ನಂಬುತ್ತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಗಂಟೆ. ಸ್ಲೇಟಿನ ಮೇಲೆ ‘೪’. ನಿಂತ ಬಸ್ಸಿನೊಳಗೆ ಗಾಳಿಯಾಡುತ್ತಿರಲಿಲ್ಲ. ಕಿಟಕಿಯ ಪಕ್ಕ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಹೊಲಿಗೆ ಕೆಲಸದ ಒಬ್ಬ ಹೆಂಗಸು ಕೂತಿದ್ದರು. ಆ ಬಸ್ಸಿಗೆ ವರ್ಷಾನುಗಟ್ಟಲೆಯ ಗಿರಾಕಿ.

“ರೀ ಟೈಂಕೀಪರಮ್ಮ, ಹೊರಗೆ ನಿಂತೋರು ಮಾತ್ರ ಜನಾನಾ? ಒಳಗೆ ಬೇಯ್ತಿರೋ ನಾವೇನು ಮೂಟೆನಾ?”

“ಮೂಟೆ ಆಗಿದ್ರೆ ಲಗೇಜು ಚಾರ್ಜು ಬೀಳ್ತಿತ್ತು. ಸುಮ್ನೆ ಕೂತ್ಕೊಳ್ಳಿ, ಲಾಭದಲ್ಲಿದೀರಿ!”

ಬಸ್ಸಿನೊಳಗೆ ನಗೆ ಎದ್ದಿತು. ಈ ಮಾತು, ಈ ಜವಾಬು, ಈ ನಗೆ ಎಲ್ಲವೂ ಎಷ್ಟೋ ಸಲ ಆದವೇ. ಆದರೆ ಬೆಂಚಿನ ಮೇಲಿದ್ದ ಅಧಿಕಾರಿ ನಗಲಿಲ್ಲ.

“ಅಮ್ಮ, ಈಗ ಒಳಗೆ ಎಷ್ಟು ಜನ ಇದಾರೆ?”

ಟೈಂಕೀಪರಮ್ಮ ಕಿಟಕಿಯತ್ತ ಬಗ್ಗಿ ನೋಡಿದರು. ಕುರ್ಚಿಯಲ್ಲಿ ಕೂತರೆ ಕಾಣುವುದು ಬಸ್ಸಿನ ಮೈ, ಕಿಟಕಿಯ ಸಾಲಿನ ಒಂದೆರಡು ಮೊಣಕೈ, ಅಷ್ಟೇ. “ಗೊತ್ತಿಲ್ಲ” ಎಂದರು. ತಮಗೆ ತಾವೇ ಎಂಬಂತೆ ಮತ್ತೊಮ್ಮೆ ಹೇಳಿದರು: “ಯಾವತ್ತೂ ಗೊತ್ತಿರಲಿಲ್ಲ.”

ಅಧಿಕಾರಿ ಬಸ್ಸು ಹತ್ತಿ ಎಣಿಸಿದರು. ಇಪ್ಪತ್ತೇಳು. ನಿಲ್ದಾಣದಲ್ಲಿ ನಿಂತಿದ್ದವರು ಮೂರು ಜನ. ಇಪ್ಪತ್ತೇಳು ಜನರ ತಲಾ ನಾಲ್ಕು ನಿಮಿಷವೆಂದರೆ ನೂರ ಎಂಟು. ಉಳಿದ ದಿನಗಳಲ್ಲಿ ಅವರು ಮುಂದಿನ ನಿಲ್ದಾಣಗಳಲ್ಲೂ ಹೋಗಿ ನೋಡಿದರು. ಮಧ್ಯಾಹ್ನದ ತಡೆಯಿಂದ ಅಲ್ಲಿ ಕಾಯುವವರೆಲ್ಲ ಸೇರಿ ಉಳಿಸಿಕೊಳ್ಳುತ್ತಿದ್ದುದು ಮೂವತ್ತು ನಿಮಿಷವನ್ನೂ ಮುಟ್ಟಲಿಲ್ಲ. ಬೆಳಗ್ಗೆ ಸಂಜೆ ಹೊರಗೆ ನಿಂತವರು ಬಹಳ, ಅಂತರ ಕಿರಿದು, ಒಂದೆರಡು ನಿಮಿಷದ ತಡೆಯಲ್ಲಿ ಎಲ್ಲರಿಗೂ ಲಾಭ. ಮಧ್ಯಾಹ್ನ ಮಾತ್ರ ಟೈಂಕೀಪರಮ್ಮ ಮೂವರಿಗಾಗಿ ಇಪ್ಪತ್ತೇಳು ಜನರನ್ನು ಕೂರಿಸಿಕೊಂಡಿದ್ದರು. ಹದಿನೆಂಟು ವರ್ಷ, ಒಳ್ಳೆಯ ಮನಸ್ಸಿನಿಂದ.

ತಲೆಕಚೇರಿ ಎಣಿಸಿದ್ದು ಬಸ್ಸುಗಳನ್ನು, ಏಕೆಂದರೆ ಅದರ ಕೋಣೆಯಿಂದ ಕಾಣುತ್ತಿದ್ದುದು ಬಸ್ಸುಗಳೇ. ಗೂಡು ಎಣಿಸಿದ್ದು ನಿಂತವರನ್ನು. ಕೂತ ಜಾಗ ಕಣ್ಣಿಗೆ ಬೇಲಿ ಹಾಕುತ್ತದೆ ಎಂಬುದು ಹೊಸ ಮಾತಲ್ಲ. ಎಷ್ಟೋ ಶಾಲೆ, ಕಾರ್ಖಾನೆ, ಆಸ್ಪತ್ರೆಗಳ ವರದಿಗಳನ್ನು ಓದುವಾಗ ನನಗೆ ಈಗ ಮೊದಲು ಹೊಳೆಯುವ ಪ್ರಶ್ನೆ, ಇದನ್ನು ಎಣಿಸಿದವರ ಕುರ್ಚಿ ಎಲ್ಲಿತ್ತು ಎಂಬುದು.

ವಾರದ ಕೊನೆಗೆ ಅಧಿಕಾರಿ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:

“ಅಮ್ಮ, ಮಧ್ಯಾಹ್ನದ್ದನ್ನೂ ವರದಿಯಲ್ಲಿ ಬರೀಲಾ?”

“ಯಾಕೆ, ಬರೀಬಾರ್ದಾ?”

“ನಿಮ್ಮದು ಎಂಟು ಗಂಟೆಯ ಹುದ್ದೆ. ಬೆಳಗ್ಗೆ ಎರಡು, ಸಂಜೆ ಎರಡು. ನಾಲ್ಕು ಗಂಟೆಗೆ ನಾನು ಗಟ್ಟಿಯಾಗಿ ವಾದ ಮಾಡಬಲ್ಲೆ. ಆದ್ರೆ ಅರ್ಧ ಹುದ್ದೆ ಅನ್ನೋದು ನಿಯಮದಲ್ಲೇ ಇಲ್ಲ. ಇದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಬರೆದ್ರೆ ಇಡೀದೇ ಹೋಗಬಹುದು. ಬರೀದಿದ್ರೆ... ಒಳಗಿನ ಜನರನ್ನ ಎಣಿಸಿದ್ದು ನಾವಿಬ್ಬರೇ. ಯಾರೂ ಕೇಳಲ್ಲ.”

ಅಷ್ಟರಲ್ಲಿ ಗಾಳಿಯಣ್ಣನ ಮಧ್ಯಾಹ್ನದ ಬಸ್ಸು ಬಂತು. ಟೈಂಕೀಪರಮ್ಮ ನಂಬರು ಬರೆದರು, ಹೊತ್ತು ಬರೆದರು. ಸ್ಲೇಟಿಗೆ ಕೈ ಹಾಕಿ, ಹಿಂದಿನ ಅಂಕಿಯನ್ನು ಅಳಿಸಿ ಸೊನ್ನೆ ಹಾಕಿದರು. ಬಸ್ಸು ಹೋಯಿತು. ಗಂಡನಿಗೆ ಆಮೇಲೆ ಅವರು ಹೇಳಿದಂತೆ, ಆ ಹೊತ್ತಿನಲ್ಲಿ ಅವರ ಕಣ್ಣ ಮುಂದೆ ಇದ್ದದ್ದು ಉಗ್ರಾಣದ ಏಣಿಯೇ.

“ಬರೀಮ್ಮ” ಎಂದರು. “ನನ್ನ ಚುಕ್ಕೆ ಮಷೀನು ಅಳಿಸಿಹಾಕ್ತು ಅಂತ ಅವತ್ತು ಅಷ್ಟು ನಕ್ಕೆವಲ್ಲ. ಇವತ್ತು ನಾವೇ ಕೂತು ಇಪ್ಪತ್ತೇಳು ಜನಾನ ಅಳಿಸಿದ್ರೆ, ಆ ಹೊಲಿಗೆಯವಳಿಗೆ ನಾನು ಯಾವ ಮುಖ ತೋರಿಸ್ಲಿ?”

ಉತ್ತರಕ್ಕೆ ಆರು ವಾರ ಹಿಡಿಯಿತು. ಆ ಆರು ವಾರ ಅವರು ಬೆಳಗ್ಗೆ ಸಂಜೆ ತಡೆದರು, ಮಧ್ಯಾಹ್ನ ಸೊನ್ನೆ ಹಾಕಿದರು. ಯಾರ ಆದೇಶವೂ ಇರಲಿಲ್ಲ. ಒಂದು ದಿನ ನಾನು, ಹದಿನೆಂಟು ವರ್ಷದ ಮಧ್ಯಾಹ್ನಗಳ ಬಗ್ಗೆ ಬೇಸರವಿದೆಯೇ ಎಂದು ಕೇಳಿದೆ. “ಬೇಸರ ಇದೆ. ಆದ್ರೆ ಅದಕ್ಕಿಂತ ಆಶ್ಚರ್ಯ ಜಾಸ್ತಿ” ಎಂದರು. “ಅವಳು ದಿನಾ ಕೂಗಿ ಕೂಗಿ ಹೇಳ್ತಿದ್ಲು. ನಾನು ಅದನ್ನ ಬೈಗುಳ ಅಂದ್ಕೊಂಡೆ. ಲೆಕ್ಕ ಅಂತ ಗೊತ್ತಾಗಲೇ ಇಲ್ಲ.”

ಕೊನೆಗೆ ಬಂದ ಕಾಗದ, ಅಂಥ ಕಾಗದಗಳಿಗೆ ಸಹಜವಾಗಿ, ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಬೆಳಗ್ಗೆ ಮತ್ತು ಸಂಜೆ ತಡೆಯುವ ಪದ್ಧತಿ ಮುಂದುವರಿಯತಕ್ಕದ್ದು. ಮಧ್ಯಾಹ್ನ ತಡೆಯತಕ್ಕದ್ದಲ್ಲ. ಉಳಿದ ನಾಲ್ಕು ಗಂಟೆ, ಆರು ತಿಂಗಳ ಮಟ್ಟಿಗೆ, ದಾಖಲೆಗಾರರು ಬಸ್ಸಿನಲ್ಲೇ ಕುಳಿತು ಪ್ರಯಾಣಿಸಿ, ಒಳಗಿನವರನ್ನೂ ಹೊರಗಿನವರನ್ನೂ ಎಣಿಸತಕ್ಕದ್ದು. ಅನಂತರದ್ದನ್ನು ಅನಂತರ ತೀರ್ಮಾನಿಸಲಾಗುವುದು. ಅಧಿಕಾರಿ ಯಾರ ಯಾರ ಮೇಜಿನ ಮುಂದೆ ನಿಂತು ಇಷ್ಟನ್ನು ಪಡೆದರೋ, ಅವರು ಹೇಳಲಿಲ್ಲ.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ” ಎಂದರಂತೆ ಯಜಮಾನರು. “ನಿನಗೆ ನೋಡು, ಒಂದು ನಿಮಿಷ ತಿಳ್ಕೊಳ್ಳೋಕೆ ಹದಿನೆಂಟು ವರುಷ ಹಿಡೀತು.”

“ಇನ್ನೂ ಪೂರ್ತಿ ತಿಳಿದಿಲ್ಲ” ಎಂದರಂತೆ ಇವರು.

ಮೊದಲ ಮಧ್ಯಾಹ್ನ ಅವರು ಗಾಳಿಯಣ್ಣನ ಬಸ್ಸು ಹತ್ತಿದಾಗ ನಾನೂ ಅದೇ ಬಸ್ಸಿನಲ್ಲಿದ್ದೆ. “ಅತ್ತೆ ಮನೆಯೊಳಗೇ ಬಂದ್ಲಪ್ಪ, ಇನ್ನು ನಮ್ಮ ಗತಿ!” ಎಂದು ಚಾಲಕರು ಕೂಗಿದರು. ಹೊಲಿಗೆಯವರು ತಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

“ಬನ್ನಿ, ಬನ್ನಿ. ಮೂಟೆಗಳ ಜೊತೆ ಕೂತು ನೋಡಿ.”

ಟೈಂಕೀಪರಮ್ಮ ಕೂತು ಹೊಸ ಪುಸ್ತಕ ತೆರೆದರು. ಅದರಲ್ಲಿ ಜನರಿಗೆಂದೇ ಎರಡು ಕಾಲಂ ಇದ್ದವು. ಹದಿನಾಲ್ಕನೆಯ ನಿಲ್ದಾಣದಲ್ಲಿ ಗಾಳಿಯಣ್ಣ ಖಾಲಿ ಬಾಟಲಿ ಹಿಡಿದು ನಲ್ಲಿಯ ಕಡೆ ನಡೆದರು. ಬಸ್ಸು ನಿಂತಿತು. ಒಳಗಿನ ಗಾಳಿಯೂ ನಿಂತಿತು. ಟೈಂಕೀಪರಮ್ಮ ಒಳಗೆ ಎಣಿಸಿದರು: ಇಪ್ಪತ್ತಾರು. ಹೊರಗೆ ಬಗ್ಗಿ ಎಣಿಸಿದರು: ಇಬ್ಬರು. ಮತ್ತೆ ಬೆನ್ನು ಆನಿಸಿ ಕೂತರು. ಸೆರಗಿನಿಂದ ಕತ್ತು ಒರೆಸಿಕೊಂಡರು. ನಲ್ಲಿಯ ಕಡೆ ನೋಡಿದರು. ಚಾಲಕರು ಬಂದು ಬಸ್ಸು ಹೊರಟಾಗ, ಪಕ್ಕದ ಹೊಲಿಗೆಯವರ ಕಡೆ ತಿರುಗಿ ಕೇಳಿದರು:

“ಈಗ ಎಷ್ಟು ಹೊತ್ತು ನಿಂತಿತ್ತು ಅನ್ನಿಸ್ತು ನಿಮಗೆ?”

“ಐದು ನಿಮಿಷಕ್ಕೆ ಕಮ್ಮಿ ಇಲ್ಲ!”

“ನನಗೂ ಹಾಗೇ ಅನ್ನಿಸ್ತು” ಎಂದು ಅವರು ಕೈಗಡಿಯಾರ ನೋಡಿದರು. ಎರಡು ನಿಮಿಷ ಹತ್ತು ಸೆಕೆಂಡು.

ಹೊತ್ತಿನ ಕಾಲಮ್ಮಿನಲ್ಲಿ ಎರಡು ನಿಮಿಷ ಎಂದು ಬರೆದರು. ಸ್ವಲ್ಪ ಹೊತ್ತು ಪೆನ್ನನ್ನು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಪುಟದ ಅಂಚಿನಲ್ಲಿ, ಯಾವ ಕಾಲಮ್ಮಿಗೂ ಸೇರದಂತೆ, ಐದು ಎಂದೂ ಬರೆದರು.